ಆ ಲಿಸ್ಟಿನ ಹಿಂದಿರುವ ಅರೇ ಯಾರದು?

ಬೆಂಗಳೂರಿನಲ್ಲಿ ಜಾವಾ ಕೆಲಸದ ಸಂದರ್ಶನಕ್ಕೆ ಕೂತವರು ಒಂದಲ್ಲ ಒಂದು ಸಲ ಎದುರಿಸುವ ಪ್ರಶ್ನೆ ಇದು: ಅರೇಸ್.ಆಸ್‌ಲಿಸ್ಟ್ ಕೊಡುವ ಲಿಸ್ಟಿಗೂ ಅರೇಲಿಸ್ಟಿಗೂ ಏನು ವ್ಯತ್ಯಾಸ? ಉತ್ತರ ಬಾಯಿಪಾಠವಾಗಿಯೇ ಬರುತ್ತದೆ. ಮೊದಲನೆಯದು ಇಮ್ಯೂಟಬಲ್, ಆಡ್ ಮಾಡಿದರೆ ಎಕ್ಸೆಪ್ಷನ್ ಎಸೆಯುತ್ತದೆ. ಎರಡನೆಯದು ಬೇಕಾದಷ್ಟು ಬೆಳೆಯುತ್ತದೆ. ಆಡ್ ಬೇಕಿದ್ದರೆ ಮೊದಲನೆಯದನ್ನು ‘ನ್ಯೂ ಅರೇಲಿಸ್ಟ್’ನ ಆವರಣದೊಳಗೆ ಹಾಕಿ, ಅಲ್ಲಿಗೆ ಮುಗಿಯಿತು. ತರಬೇತಿ ತರಗತಿಗಳ ನೋಟ್ಸಿನಲ್ಲೂ ಇದೇ, ಕೋಡ್ ರಿವ್ಯೂನಲ್ಲಿ ಹಿರಿಯರು ಕಿರಿಯರಿಗೆ ಹೇಳುವುದೂ ಇದೇ. ಇಷ್ಟು ಹೇಳಿದ ಹುಡುಗನಿಗೋ ಹುಡುಗಿಗೋ ಅಂಕ ಸಿಗುತ್ತದೆ, ಕೆಲಸವೂ ಸಿಗುತ್ತದೆ.

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ‘ಇಮ್ಯೂಟಬಲ್’ ಎಂಬುದು ಶುದ್ಧ ತಪ್ಪು. ಬೆಳೆಯುತ್ತದೋ ಇಲ್ಲವೋ ಎಂಬುದು ನಿಜವೇ ಆದರೂ ಮೇಲ್ಮೈಯ ಸಂಗತಿ. ಸುತ್ತಿಬಿಡಿ ಎಂಬ ಪರಿಹಾರವಂತೂ ಕಲಿಯಬೇಕಾದದ್ದನ್ನು ಕಲಿಯದಂತೆ ಮಾಡುತ್ತದೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಈ ಲಿಸ್ಟಿನ ಹಿಂದೆ ಒಂದು ಅರೇ ಇದೆಯಲ್ಲ, ಅದು ಯಾರಿಗೆ ಸೇರಿದ್ದು? ಅದರ ಹಿಡಿ ಇನ್ನೂ ಯಾರ ಕೈಯಲ್ಲಿದೆ? ಇದಕ್ಕೆ ಉತ್ತರ ಗೊತ್ತಿದ್ದರೆ ಆಡ್ ಆಗುತ್ತದೋ ಇಲ್ಲವೋ ಎಂಬುದು ತಾನಾಗಿ ಹೊಳೆಯುತ್ತದೆ. ಆಡ್ ಆಗುವುದಿಲ್ಲ ಎಂದಷ್ಟೇ ಗೊತ್ತಿದ್ದವರಿಗೆ ಈ ಪ್ರಶ್ನೆ ಎಂದೂ ಹೊಳೆಯುವುದಿಲ್ಲ.

ಮೊದಲು ತಪ್ಪನ್ನು ನೋಡೋಣ. ಮೂರು ಹೆಸರುಗಳಿರುವ ಒಂದು ಸ್ಟ್ರಿಂಗ್ ಅರೇ ಇದೆ ಎನ್ನಿ. ಅದನ್ನು ಆಸ್‌ಲಿಸ್ಟಿಗೆ ಕೊಟ್ಟು ಬಂದ ಲಿಸ್ಟಿನ ಮೇಲೆ ಸೆಟ್ ಕರೆದು 0ನೇ ಸ್ಥಾನಕ್ಕೆ ಹೊಸ ಹೆಸರು ಹಾಕಿ. ಯಾವ ಎಕ್ಸೆಪ್ಷನ್ನೂ ಬರುವುದಿಲ್ಲ. ಲಿಸ್ಟ್ ಬದಲಾಗುತ್ತದೆ, ಮೂಲ ಅರೇಯೂ ಬದಲಾಗುತ್ತದೆ. ಈಗ ಅರೇಯ 1ನೇ ಸ್ಥಾನವನ್ನು ನೇರವಾಗಿ ತಿದ್ದಿ. ಲಿಸ್ಟನ್ನು ಯಾರೂ ಮುಟ್ಟಿಲ್ಲ, ಆದರೂ ಅದರ ಗೆಟ್ ಹೊಸ ಹೆಸರನ್ನೇ ಹೇಳುತ್ತದೆ. ಎರಡೂ ದಿಕ್ಕಿನಿಂದ ಬದಲಾಗುವ ವಸ್ತುವನ್ನು ಇಮ್ಯೂಟಬಲ್ ಎಂದು ಕಲಿಸುವುದು ಸಣ್ಣ ಅಸಡ್ಡೆಯಲ್ಲ. ಬದಲಾಗದು ಎಂದು ನಂಬಿದವರು ಅದನ್ನು ಎರಡು ಥ್ರೆಡ್‌ಗಳ ನಡುವೆ ನಿಶ್ಚಿಂತೆಯಿಂದ ಹಂಚುತ್ತಾರೆ, ಕ್ಲಾಸಿನ ಒಳಗಿನ ಅರೇಯನ್ನು ಅದರ ಮೂಲಕ ಹೊರಗೆ ಕೊಟ್ಟು ಸುರಕ್ಷಿತ ಎಂದುಕೊಳ್ಳುತ್ತಾರೆ. ಜಾವಾದ ಅಧಿಕೃತ ದಾಖಲೆ ಎಂದೂ ಹಾಗೆ ಹೇಳಿಲ್ಲ. ಅದು ಹೇಳುವುದು ಎರಡೇ ಮಾತು: ಗಾತ್ರ ಸ್ಥಿರ, ಹಿಂದೆ ನೀವು ಕೊಟ್ಟ ಅರೇಯೇ ಇದೆ. ನಮ್ಮ ನೋಟ್ಸುಗಳು ಮೊದಲನೆಯದನ್ನು ಹಿಗ್ಗಿಸಿ ಹೇಳಿದವು, ಎರಡನೆಯದನ್ನು ಕೈಬಿಟ್ಟವು.

ಒಳಗೆ ಇಣುಕಿದರೆ ಇದರಲ್ಲಿ ಯಾವ ಗುಟ್ಟೂ ಇಲ್ಲ. ಜಾವಾ.ಯುಟಿಲ್ ಪ್ಯಾಕೇಜಿನ ಅರೇಸ್ ಕ್ಲಾಸಿನೊಳಗೆ ಒಂದು ಪುಟ್ಟ ಪ್ರೈವೇಟ್ ಕ್ಲಾಸ್ ಇದೆ. ಅದಕ್ಕಿರುವುದು ಒಂದೇ ಫೀಲ್ಡ್, ಫೈನಲ್ ಎಂದು ಘೋಷಿಸಿದ ಒಂದು ಅರೇ. ನೀವು ಕೊಟ್ಟ ಅರೇಯ ರೆಫರೆನ್ಸನ್ನು ಅದು ಹಾಗೆಯೇ ಇಟ್ಟುಕೊಳ್ಳುತ್ತದೆ. ಒಂದು ಅಂಶವನ್ನೂ ನಕಲು ಮಾಡುವುದಿಲ್ಲ. ಗೆಟ್ ಎಂದರೆ ಆ ಅರೇಯಿಂದ ಓದುವುದು, ಸೆಟ್ ಎಂದರೆ ಆ ಅರೇಗೆ ಬರೆಯುವುದು. ಆಡ್ ಎಂಬ ಮೆಥಡನ್ನು ಅದು ಬರೆಯುವುದೇ ಇಲ್ಲ. ಹಾಗಾಗಿ ತಾಯಿ ಕ್ಲಾಸ್ ಆದ ಅಬ್‌ಸ್ಟ್ರ್ಯಾಕ್ಟ್‌ಲಿಸ್ಟಿನ ಆಡ್ ಓಡುತ್ತದೆ, ಅದರ ಕೆಲಸವೇ ಅನ್‌ಸಪೋರ್ಟೆಡ್‌ಆಪರೇಶನ್‌ಎಕ್ಸೆಪ್ಷನ್ ಎಸೆಯುವುದು.

ಅರೇಲಿಸ್ಟಿನ ಒಳಗೂ ಇರುವುದು ಅರೇಯೇ. ಆದರೆ ಆ ಅರೇ ಅದರ ಸ್ವಂತದ್ದು, ಹೊರಗಿನವರು ಯಾರೂ ಅದನ್ನು ಕಾಣರು. ಖಾಲಿಯಾಗಿ ಹುಟ್ಟಿದ ಅರೇಲಿಸ್ಟಿಗೆ ಮೊದಲ ಅಂಶ ಸೇರಿಸಿದಾಗ ಅದು 10 ಸ್ಥಾನಗಳ ಅರೇ ಮಾಡಿಕೊಳ್ಳುತ್ತದೆ. ಅದು ತುಂಬಿದ ಮೇಲೆ ಒಂದೂವರೆ ಪಟ್ಟು, ಅಂದರೆ 15, ಆಮೇಲೆ 22, ಆಮೇಲೆ 33. ಪ್ರತಿ ಸಲವೂ ಹೊಸ ಅರೇ ಹುಟ್ಟುತ್ತದೆ, ಹಳೆಯದರ ಅಂಶಗಳು ಅದಕ್ಕೆ ನಕಲಾಗುತ್ತವೆ, ಹಳೆಯದು ಕಸವಾಗುತ್ತದೆ. ಹೀಗೆ ಅರೇಯನ್ನು ಎಸೆದು ಇನ್ನೊಂದನ್ನು ತರಲು ಅದಕ್ಕೆ ಸಾಧ್ಯವಾಗುವುದು ಆ ಅರೇಯ ಮೇಲೆ ಬೇರೆ ಯಾರಿಗೂ ಹಕ್ಕಿಲ್ಲದ್ದರಿಂದ.

ಈಗ ಆಸ್‌ಲಿಸ್ಟಿನ ವಿಷಯಕ್ಕೆ ಬನ್ನಿ. ಅದು ಯಾಕೆ ಬೆಳೆಯುವುದಿಲ್ಲ? ಜಾವಾದಲ್ಲಿ ಅರೇಯ ಉದ್ದ ಅದು ಹುಟ್ಟಿದ ಕ್ಷಣಕ್ಕೇ ನಿಗದಿ. ಬೆಳೆಯಬೇಕಾದರೆ ಹೊಸ ಅರೇಗೆ ಹೋಗಲೇಬೇಕು. ಆದರೆ ಅರೇ ಕೊಟ್ಟವರ ವೇರಿಯಬಲ್ ಹಳೆಯದನ್ನೇ ತೋರಿಸುತ್ತಿರುತ್ತದೆ. ಲಿಸ್ಟ್ ಹೊಸ ಅರೇಗೆ ಹೋದ ಗಳಿಗೆಯಲ್ಲಿ ಎರಡರ ನಡುವಿನ ನಂಟು ಸದ್ದಿಲ್ಲದೆ ಕಡಿದುಹೋಗುತ್ತದೆ. ಅಲ್ಲಿಯವರೆಗೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಾಣುತ್ತಿತ್ತು, ಅಲ್ಲಿಂದಾಚೆ ಕಾಣುವುದಿಲ್ಲ. ಗೋ ಭಾಷೆಯ ಸ್ಲೈಸ್‌ಗಳು ಹೀಗೆ ನಂಟು ಕಡಿಯಲು ಬಿಟ್ಟಿವೆ. ಅಲ್ಲಿ ಅಪೆಂಡ್ ಮಾಡಿದಾಗ ಜಾಗವಿದ್ದರೆ ಹಳೆಯ ಅರೇಗೇ ಬರೆಯುತ್ತದೆ, ಇಲ್ಲದಿದ್ದರೆ ಹೊಸದಕ್ಕೆ ಹೋಗುತ್ತದೆ. ಎರಡರಲ್ಲಿ ಯಾವುದಾಯಿತು ಎಂದು ಕೋಡ್ ಓದಿ ಹೇಳುವುದು ಸುಲಭವಲ್ಲ. ಜಾವಾ ಆ ದಾರಿ ಹಿಡಿಯಲಿಲ್ಲ. ನಂಟು ಕಡಿಯುವುದಿಲ್ಲ, ಅದಕ್ಕಾಗಿ ಬೆಳೆಯುವುದೂ ಇಲ್ಲ ಎಂದಿತು. ಗೇಣಿಗೆ ಹಿಡಿದ ಗದ್ದೆಯ ಹಾಗೆ: ಬೆಳೆ ಬದಲಿಸಬಹುದು, ಬದು ಸರಿಸುವ ಹಾಗಿಲ್ಲ. ಇದನ್ನು ಅಂಗವಿಕಲ ಅರೇಲಿಸ್ಟ್ ಎಂಬಂತೆ ಕಲಿಸುವವರು ಕರಾರನ್ನು ಕೊರತೆ ಎಂದು ಓದಿದ್ದಾರೆ.

ಕರಾರು ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ. ಒಂದು ಸ್ಟ್ರಿಂಗ್ ಅರೇಯನ್ನು ಕಲಸಿಹಾಕಬೇಕು, ಇಸ್ಪೀಟಿನ ಎಲೆಗಳನ್ನು ಕಲಸುವಂತೆ. ಅರೇಸ್ ಕ್ಲಾಸಿನಲ್ಲಿ ಆ ಮೆಥಡ್ ಇಲ್ಲ, ಕಲೆಕ್ಷನ್ಸ್ ಕ್ಲಾಸಿನಲ್ಲಿ ಶಫಲ್ ಇದೆ. ಅರೇಯನ್ನು ಆಸ್‌ಲಿಸ್ಟಿಗೆ ಕೊಟ್ಟು, ಬಂದದ್ದನ್ನು ಶಫಲ್‌ಗೆ ಕೊಟ್ಟರೆ ಒಂದೇ ಸಾಲಿನಲ್ಲಿ ಮೂಲ ಅರೇಯೇ ಕಲಸಿಹೋಗುತ್ತದೆ. ನಕಲಿಲ್ಲ, ವಾಪಸ್ ತುಂಬಿಸುವ ಲೂಪ್ ಇಲ್ಲ. ರಿವರ್ಸ್, ರೊಟೇಟ್, ಸ್ವಾಪ್ ಎಲ್ಲವೂ ಹೀಗೆಯೇ. 1998ರ ಡಿಸೆಂಬರಿನಲ್ಲಿ ಜಾವಾ 1.2ರ ಜೊತೆ ಕಲೆಕ್ಷನ್ಸ್ ಫ್ರೇಮ್‌ವರ್ಕ್ ಬಂದಾಗ ಸನ್ ಕಂಪನಿಯಲ್ಲಿದ್ದ ಜೋಶುವಾ ಬ್ಲಾಕ್ ಈ ಮೆಥಡನ್ನು ಇಟ್ಟದ್ದೇ ಇದಕ್ಕೆ. ಅದುವರೆಗೆ ಬರೆದ ಕೋಡೆಲ್ಲ ಅರೇ ಮತ್ತು ವೆಕ್ಟರ್‌ಗಳಲ್ಲಿತ್ತು. ಹಳೆಯ ಅರೇ ಲೋಕದಿಂದ ಹೊಸ ಕಲೆಕ್ಷನ್ ಲೋಕಕ್ಕೆ ಆಸ್‌ಲಿಸ್ಟ್, ಅಲ್ಲಿಂದ ಇಲ್ಲಿಗೆ ಟುಅರೇ. ದಾಖಲೆ ಇವೆರಡನ್ನೂ ಸೇರಿಸಿಯೇ ಸೇತುವೆ ಎಂದು ಕರೆಯುತ್ತದೆ. ಇವತ್ತು ಸಂದರ್ಶನಕ್ಕೆ ತಯಾರಾಗುವ ಎಷ್ಟು ಜನರಿಗೆ ಶಫಲ್‌ನ ಆ ಒಂದು ಸಾಲು ಯಾಕೆ ಕೆಲಸ ಮಾಡುತ್ತದೆ ಎಂದು ವಿವರಿಸಲು ಬರುತ್ತದೆ? ‘ಇಮ್ಯೂಟಬಲ್’ ಎಂದು ಕಲಿತವರ ಲೆಕ್ಕದಲ್ಲಿ ಅದು ಎಕ್ಸೆಪ್ಷನ್ ಎಸೆಯಬೇಕಿತ್ತು.

2004ರಲ್ಲಿ ಬಂದ ಜಾವಾ 5 ಈ ಗೊಂದಲಕ್ಕೆ ದೊಡ್ಡ ಬಾಗಿಲು ತೆರೆಯಿತು ಎಂಬುದನ್ನು ನಾನು ಒಪ್ಪುತ್ತೇನೆ. ಆ ಆವೃತ್ತಿಯಲ್ಲಿ ಆಸ್‌ಲಿಸ್ಟ್ ವರಾರ್ಗ್ಸ್ ಮೆಥಡ್ ಆಯಿತು. ಅರೇಯನ್ನೇ ಕೊಡಬೇಕೆಂದಿಲ್ಲ, ಅಲ್ಪವಿರಾಮ ಹಾಕಿ ಅಂಶಗಳನ್ನು ಬರೆದರೂ ಸಾಕು. ಆಗ ಅರೇ ಕಣ್ಣಿಂದ ಮರೆಯಾಯಿತು. ಕಂಪೈಲರ್ ಹಿಂಬದಿಯಲ್ಲಿ ಒಂದು ಅರೇ ಮಾಡಿ ಕೊಡುತ್ತದೆ, ಬರೆದವರಿಗೆ ಅದು ಕಾಣುವುದಿಲ್ಲ; ಸೇತುವೆಯಾಗಿದ್ದದ್ದು ಲಿಸ್ಟ್ ಹುಟ್ಟಿಸುವ ಚಿಕ್ಕ ದಾರಿಯಾಗಿ ಜನಪ್ರಿಯವಾಯಿತು. ಇನ್ನೊಂದು ಹಳ್ಳವೂ ಅಲ್ಲೇ ಬಿತ್ತು. ಇಂಟ್ ಅರೇ ಒಂದನ್ನು ಆಸ್‌ಲಿಸ್ಟಿಗೆ ಕೊಟ್ಟರೆ ಜಾವಾ 5ಕ್ಕೆ ಮುಂಚೆ ಕಂಪೈಲರ್ ತಡೆಯುತ್ತಿತ್ತು. ಈಗ ತಡೆಯುವುದಿಲ್ಲ. ಇಡೀ ಇಂಟ್ ಅರೇಯನ್ನೇ ಒಂದು ಅಂಶವೆಂದು ಎಣಿಸಿ ಗಾತ್ರ 1 ಇರುವ ಲಿಸ್ಟನ್ನು ಕೊಡುತ್ತದೆ. ಇದಕ್ಕೆ ನಾನು ಸಮರ್ಥನೆ ಹುಡುಕಲು ಹೋಗುವುದಿಲ್ಲ.

ಹೆಸರಿನ ಗೊಂದಲವೂ ಇದೆ. ಅರೇಸ್ ಒಳಗಿನ ಆ ಪ್ರೈವೇಟ್ ಕ್ಲಾಸಿನ ಹೆಸರೂ ಅರೇಲಿಸ್ಟ್. ಗೆಟ್‌ಸಿಂಪಲ್‌ನೇಮ್ ಕೇಳಿದರೆ ಎರಡೂ ಒಂದೇ ಹೆಸರು ಹೇಳುತ್ತವೆ. ಡಿಬಗರಿನಲ್ಲಿ ‘ಅರೇಲಿಸ್ಟ್’ ಎಂದು ಕಂಡದ್ದನ್ನು ನಂಬಿ ಕ್ಯಾಸ್ಟ್ ಮಾಡಿದವರಿಗೆ ಕ್ಲಾಸ್‌ಕ್ಯಾಸ್ಟ್‌ಎಕ್ಸೆಪ್ಷನ್ ಕಾದಿರುತ್ತದೆ.

ಇಷ್ಟಾದರೂ, ಆಡ್ ಆಗುವುದಿಲ್ಲ ಎಂದು ತಿಳಿದಿದ್ದರೆ ಸಾಲದೇ, ತಪ್ಪಿದರೆ ಎಕ್ಸೆಪ್ಷನ್ ಹಿಡಿದುಕೊಡುತ್ತದಲ್ಲ ಎನ್ನುವವರಿದ್ದಾರೆ. ಸಾಲದು. ನನಗೆ ಅತ್ಯಂತ ಕಳವಳ ತರುವ ಸಂಗತಿ ಇರುವುದು ಇಲ್ಲಿಯೇ. ಎಕ್ಸೆಪ್ಷನ್ ಯಾವಾಗಲೂ ಬರುವುದಿಲ್ಲ.

ಅವಧಿ ಮುಗಿದ ಕೂಪನ್‌ಗಳನ್ನು ತೆಗೆದುಹಾಕುವ ಒಂದು ಮೆಥಡ್ ಇದೆ ಎನ್ನಿ. ಲಿಸ್ಟ್ ಪಡೆದು ಅದರ ಮೇಲೆ ರಿಮೂವ್‌ಇಫ್ ಕರೆಯುತ್ತದೆ. ಟೆಸ್ಟ್ ಬರೆದವರು ಚಿಕ್ಕ ದಾರಿ ಎಂದು ಆಸ್‌ಲಿಸ್ಟ್ ಬಳಸಿ ಮೂರು ಕೂಪನ್ ಕೊಟ್ಟಿದ್ದಾರೆ, ಮೂರೂ ಚಾಲ್ತಿಯಲ್ಲಿರುವವು. ಟೆಸ್ಟ್ ಹಸಿರಾಗುತ್ತದೆ. ಕಾರಣವೇನೆಂದರೆ ಆಸ್‌ಲಿಸ್ಟಿನ ಕ್ಲಾಸ್ ರಿಮೂವ್‌ಇಫ್ ಅನ್ನು ತಾನು ಬರೆದುಕೊಂಡಿಲ್ಲ. ಕಲೆಕ್ಷನ್ ಇಂಟರ್‌ಫೇಸಿನ ಡಿಫಾಲ್ಟ್ ಮೆಥಡ್ ಓಡುತ್ತದೆ. ಅದು ಒಂದೊಂದೇ ಅಂಶವನ್ನು ಪರೀಕ್ಷಿಸಿ, ಷರತ್ತು ಹೊಂದಿದರೆ ಮಾತ್ರ ಇಟರೇಟರಿನ ರಿಮೂವ್ ಕರೆಯುತ್ತದೆ. ಎಕ್ಸೆಪ್ಷನ್ ಇರುವುದು ಆ ರಿಮೂವ್‌ನಲ್ಲಿ. ಯಾವುದೂ ಹೊಂದದಿದ್ದರೆ ಅಲ್ಲಿಗೆ ತಲುಪುವುದೇ ಇಲ್ಲ, ಮೆಥಡ್ ಫಾಲ್ಸ್ ಎಂದು ಹೇಳಿ ಸುಮ್ಮನಾಗುತ್ತದೆ. ಅದೇ ಕೋಡಿಗೆ ಪ್ರೊಡಕ್ಷನ್ನಿನಲ್ಲೂ ಎಲ್ಲೋ ಒಂದು ಕಡೆಯಿಂದ ಆಸ್‌ಲಿಸ್ಟಿನದೇ ಲಿಸ್ಟ್ ಬರುತ್ತಿದ್ದರೆ, ಮೊದಲ ಕೂಪನ್ನಿನ ಅವಧಿ ಮುಗಿದ ದಿನ ಅದು ಸಿಡಿಯುತ್ತದೆ. ಅಂಶವನ್ನು ಹೆಸರಿಸಿ ತೆಗೆಯುವ ರಿಮೂವ್ ಕೂಡ ಹೀಗೆಯೇ, ಸಿಕ್ಕರೆ ಎಕ್ಸೆಪ್ಷನ್, ಸಿಗದಿದ್ದರೆ ಫಾಲ್ಸ್. ಖಾಲಿ ಲಿಸ್ಟಿನ ಮೇಲೆ ಕ್ಲಿಯರ್ ಕರೆದರೆ ಏನೂ ಆಗುವುದಿಲ್ಲ. ಖಾಲಿ ಕಲೆಕ್ಷನ್ ಕೊಟ್ಟು ಆಡ್‌ಆಲ್ ಕರೆದರೂ ಏನೂ ಆಗುವುದಿಲ್ಲ. ಸಿಡಿದಾಗ ಲಾಗಿನಲ್ಲಿ ಸಿಗುವುದಾದರೂ ಏನು? ಕಾರಣ ಹೇಳದ ಒಂದು ಎಕ್ಸೆಪ್ಷನ್ ಹೆಸರು, ಅಬ್‌ಸ್ಟ್ರ್ಯಾಕ್ಟ್‌ಲಿಸ್ಟಿನತ್ತ ಅಥವಾ ಇಟರೇಟರಿನತ್ತ ಬೆರಳು ಮಾಡುವ ಕೆಲವು ಸಾಲು. ಲಿಸ್ಟ್ ಎಲ್ಲಿ ಹುಟ್ಟಿತು, ಯಾರ ಅರೇಯನ್ನು ಹೊತ್ತು ಬಂತು ಎಂಬುದನ್ನು ಅದು ಹೇಳುವುದಿಲ್ಲ. ಇದನ್ನು ಹುಡುಕಲು ರಾತ್ರಿ ಕೂರುವವರು ಬಾಯಿಪಾಠದ ಆ ಉತ್ತರ ಹೇಳಿಯೇ ಕೆಲಸ ಪಡೆದ ಹುಡುಗರು. ಅವರದು ತಪ್ಪಲ್ಲ, ಅವರಿಗೆ ಕಲಿಸಿದವರದು.

ಹಾಗಿದ್ದರೆ ಎಲ್ಲವನ್ನೂ ನ್ಯೂ ಅರೇಲಿಸ್ಟಿನಲ್ಲಿ ಸುತ್ತಿಬಿಡೋಣ ಎಂಬ ವಾದ ಇನ್ನೂ ಗಟ್ಟಿಯಾಯಿತಲ್ಲವೇ ಎಂದು ಕೇಳಬಹುದು. ಸ್ವಂತ ಪ್ರತಿ ಬೇಕಾದಲ್ಲಿ ಸುತ್ತಲೇಬೇಕು, ಅದರಲ್ಲಿ ತಕರಾರಿಲ್ಲ. ನನ್ನ ತಕರಾರು ಯೋಚಿಸದೆ ಸುತ್ತುವ ಅಭ್ಯಾಸದ ಬಗ್ಗೆ. ನಕಲು ಮಾಡುವುದೆಂದರೆ ಅರ್ಥ ಬದಲಿಸುವುದು. ಮೂಲ ಅರೇ ಆಮೇಲೆ ಬದಲಾದರೆ ಅರೇಲಿಸ್ಟಿಗೆ ತಿಳಿಯುವುದಿಲ್ಲ. ಅರೇಲಿಸ್ಟನ್ನು ಸಾರ್ಟ್ ಮಾಡಿದರೆ ಮೂಲ ಅರೇ ಹಾಗೆಯೇ ಉಳಿಯುತ್ತದೆ. ಕೆಲವೆಡೆ ಬೇಕಾದದ್ದು ಇದೇ, ಕೆಲವೆಡೆ ಇದೇ ದೋಷ. ಎಲ್ಲಿ ಯಾವುದು ಎಂದು ತಿಳಿಯದೆ ಸುತ್ತುವವರು ದೋಷವನ್ನು ಎಕ್ಸೆಪ್ಷನ್ ಬರುವ ಜಾಗದಿಂದ ಎಕ್ಸೆಪ್ಷನ್ ಬಾರದ ಜಾಗಕ್ಕೆ ಸಾಗಿಸುತ್ತಾರೆ. ಲಿಸ್ಟನ್ನು ಸಾರ್ಟ್ ಮಾಡಿದೆವಲ್ಲ, ಅರೇ ಯಾಕೆ ಆಗಲಿಲ್ಲ ಎಂದು ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ.

ಈ ಸುತ್ತುವಿಕೆಯ ಒಳಗೆ ನಡೆಯುವುದನ್ನೂ ಒಮ್ಮೆ ನೋಡಬೇಕು. ಅರೇಲಿಸ್ಟಿನ ಕನ್‌ಸ್ಟ್ರಕ್ಟರ್ ತನಗೆ ಬಂದ ಕಲೆಕ್ಷನ್ನಿನ ಟುಅರೇ ಕರೆದು ಒಂದು ಅರೇ ಪಡೆಯುತ್ತದೆ. ಬಂದದ್ದು ಇನ್ನೊಂದು ಅರೇಲಿಸ್ಟೇ ಆಗಿದ್ದರೆ ಆ ಅರೇಯನ್ನು ಹಾಗೆಯೇ ತನ್ನದಾಗಿಸಿಕೊಳ್ಳುತ್ತದೆ. ಬೇರೆ ಯಾವುದೇ ಕ್ಲಾಸ್ ಆಗಿದ್ದರೆ, ಆಸ್‌ಲಿಸ್ಟಿನದೂ ಸೇರಿ, ಇತ್ತೀಚಿನ ಜೆಡಿಕೆಗಳಲ್ಲಿ ಅದನ್ನು ಮತ್ತೊಮ್ಮೆ ನಕಲು ಮಾಡುತ್ತದೆ. ಬೇರೆಯವರು ಕೊಟ್ಟ ಅರೇಯ ಹಿಡಿ ಅವರ ಬಳಿಯೂ ಉಳಿದಿರಬಹುದು ಎಂಬ ಎಚ್ಚರ ಅದು. ಜೆಡಿಕೆ ಬರೆದವರು ಕೇಳಿದ್ದು ಆಡ್ ಆಗುತ್ತದೋ ಎಂದಲ್ಲ, ಈ ಅರೇ ಯಾರದು ಎಂದು. ಇದಕ್ಕೆ ಹಳೆಯ ಪೆಟ್ಟೂ ಒಂದು ಕಾರಣ. ಸ್ಟ್ರಿಂಗ್ ಅರೇಯಿಂದ ಮಾಡಿದ ಆಸ್‌ಲಿಸ್ಟಿನ ಟುಅರೇ, ಆಬ್ಜೆಕ್ಟ್ ಅರೇ ಕೊಡಬೇಕಾದ ಕಡೆ ಒಳಗೊಳಗೆ ಸ್ಟ್ರಿಂಗ್ ಅರೇಯನ್ನೇ ಕೊಡುತ್ತಿತ್ತು. ಅದಕ್ಕೆ ಬೇರೆ ಬಗೆಯ ಆಬ್ಜೆಕ್ಟ್ ಹಾಕಿದರೆ ಅರೇಸ್ಟೋರ್‌ಎಕ್ಸೆಪ್ಷನ್. 6260652 ಎಂಬ ಸಂಖ್ಯೆಯ ಆ ದೋಷದ ಪ್ರಸ್ತಾಪ ಅರೇಲಿಸ್ಟಿನ ಸೋರ್ಸ್ ಕೋಡಿನ ಟಿಪ್ಪಣಿಯಲ್ಲಿ ವರ್ಷಗಟ್ಟಲೆ ಇತ್ತು. ಸರಿಯಾದದ್ದು ಜಾವಾ 9ರಲ್ಲಿ. ಆದರೆ ಸೆಟ್‌ನ ದಾರಿಯಲ್ಲಿ ಅದೇ ಎಕ್ಸೆಪ್ಷನ್ ಇವತ್ತಿಗೂ ಬರಬಹುದು. ಆಬ್ಜೆಕ್ಟ್ ಅರೇ ಎಂದು ಘೋಷಿಸಿದ ವೇರಿಯಬಲ್ಲಿನಲ್ಲಿ ನಿಜವಾಗಿ ಸ್ಟ್ರಿಂಗ್ ಅರೇ ಇದ್ದು, ಅದರ ಆಸ್‌ಲಿಸ್ಟಿಗೆ ಇಂಟಿಜರ್ ಸೆಟ್ ಮಾಡಿ ನೋಡಿ. ಲಿಸ್ಟಿನ ಟೈಪ್ ಒಪ್ಪುತ್ತದೆ, ಹಿಂದಿರುವ ಅರೇ ಒಪ್ಪುವುದಿಲ್ಲ.

2017ರಲ್ಲಿ ಜಾವಾ 9 ಲಿಸ್ಟ್.ಆಫ್ ತಂದ ಮೇಲೆ ಪ್ರಚಲಿತ ಅಭಿಪ್ರಾಯಕ್ಕೆ ಇನ್ನೊಂದು ಬಾಲ ಸೇರಿತು: ಆಸ್‌ಲಿಸ್ಟ್ ಹಳತಾಯಿತು, ಎಲ್ಲ ಕಡೆ ಲಿಸ್ಟ್.ಆಫ್ ಹಾಕಿ. ಹುಡುಕಿ-ಬದಲಿಸಿ ಎಂಬ ಆಜ್ಞೆಯಲ್ಲಿ ಮುಗಿಯುವ ಕೆಲಸ ಇದಲ್ಲ. ಲಿಸ್ಟ್.ಆಫ್‌ಗೆ ಅರೇ ಕೊಟ್ಟರೆ ಅದು ನಕಲು ಮಾಡಿಕೊಳ್ಳುತ್ತದೆ, ಮೂಲದ ನಂಟು ಇಟ್ಟುಕೊಳ್ಳುವುದಿಲ್ಲ. ಸೆಟ್ ಕೂಡ ಎಕ್ಸೆಪ್ಷನ್ ಎಸೆಯುತ್ತದೆ. ನಲ್ ಒಪ್ಪುವುದಿಲ್ಲ, ನಲ್ ಇದೆಯೇ ಎಂದು ಕಂಟೇನ್ಸ್ ಮೂಲಕ ಕೇಳಿದರೂ ನಲ್‌ಪಾಯಿಂಟರ್‌ಎಕ್ಸೆಪ್ಷನ್. ಒಳ್ಳೆಯ ಗುಣವೂ ಇದೆ: ಅದರ ರಿಮೂವ್‌ಇಫ್, ಏನೂ ಹೊಂದದಿದ್ದರೂ, ಕರೆದ ಕೂಡಲೇ ಎಸೆಯುತ್ತದೆ. ಹಾಗಾಗಿ ಬದಲಾಗದ ಲಿಸ್ಟ್ ಬೇಕಾದಾಗ ಲಿಸ್ಟ್.ಆಫ್ ನಿಜವಾಗಿ ಸರಿಯಾದ ಆಯ್ಕೆ. ಆಸ್‌ಲಿಸ್ಟಿನ ಮೇಲೆ ಕಲೆಕ್ಷನ್ಸ್.ಅನ್‌ಮಾಡಿಫೈಯಬಲ್‌ಲಿಸ್ಟ್ ಹೊದಿಸಿ ಅದೇ ಸಿಕ್ಕಿತು ಎಂದುಕೊಳ್ಳುವವರು ಎಚ್ಚರವಾಗಿರಬೇಕು. ಲಿಸ್ಟಿನ ಮೂಲಕ ಯಾರೂ ಬರೆಯಲಾರರು, ನಿಜ. ಅರೇಯ ಹಿಡಿ ಇಟ್ಟುಕೊಂಡವರು ಬರೆಯುತ್ತಲೇ ಇರುತ್ತಾರೆ, ಆ ಬದಲಾವಣೆ ಹೊದಿಕೆಯೊಳಗಿಂದ ಕಾಣುತ್ತಲೇ ಇರುತ್ತದೆ.

ಇನ್ನು ಬಲವಾದ ಆಕ್ಷೇಪವೊಂದಿದೆ, ಅದಕ್ಕೆ ಗೌರವದಿಂದಲೇ ಉತ್ತರಿಸಬೇಕು. ದೋಷ ಕಲಿಸಿದವರದಲ್ಲ, ಜಾವಾದ್ದು; ಲಿಸ್ಟ್ ಎಂಬ ಒಂದೇ ಇಂಟರ್‌ಫೇಸಿನಲ್ಲಿ ಎಲ್ಲವನ್ನೂ ತುರುಕಿ, ಆಡ್ ಮತ್ತು ರಿಮೂವ್ ಐಚ್ಛಿಕ ಎಂದದ್ದೇ ಮೂಲ ತಪ್ಪು; ಓದುವ ಲಿಸ್ಟ್ ಬೇರೆ, ಬದಲಿಸುವ ಲಿಸ್ಟ್ ಬೇರೆ ಮಾಡಿದ್ದರೆ ಕಂಪೈಲರೇ ತಡೆಯುತ್ತಿತ್ತು. ಇಂಟರ್‌ಫೇಸ್‌ಗಳ ಸಂಖ್ಯೆ ಮಿತಿಮೀರದಿರಲಿ ಎಂದು ಫ್ರೇಮ್‌ವರ್ಕ್ ರೂಪಿಸಿದವರು ಬೇಕೆಂದೇ ಮಾಡಿದ ಆಯ್ಕೆ ಅದು, ಅದರ ಬೆಲೆಯನ್ನು ನಾವು ತೆರುತ್ತಿದ್ದೇವೆ ಎಂಬುದೂ ನಿಜ. ಆದರೆ ಟೈಪ್ ಬೇರೆ ಮಾಡಿದರೆ ಸಾಕು ಎಂಬುದನ್ನು ಕಾಟ್ಲಿನ್ ಸುಳ್ಳಾಗಿಸುತ್ತದೆ. ಅಲ್ಲಿ ಲಿಸ್ಟ್ ಬೇರೆ, ಮ್ಯೂಟಬಲ್‌ಲಿಸ್ಟ್ ಬೇರೆ. ಅರೇಯ ಮೇಲೆ ಆಸ್‌ಲಿಸ್ಟ್ ಕರೆದರೆ ಬರುವುದು ಓದುವ ಲಿಸ್ಟ್, ಆಡ್ ಎಂಬ ಮೆಥಡೇ ಕಾಣದು. ಆದರೂ ಹಿಂದೆ ಅದೇ ಅರೇ ಇದೆ, ಜೆವಿಎಂನಲ್ಲಿ ಅದು ಓಡುವುದೂ ಜಾವಾದ ಇದೇ ಆಸ್‌ಲಿಸ್ಟಿನ ಮೇಲೆ. ಅರೇ ಬದಲಾದರೆ ಆ ‘ಓದುವ’ ಲಿಸ್ಟೂ ಬದಲಾಗುತ್ತದೆ. ಯಾರು ಬರೆಯಬಹುದು ಎಂಬುದನ್ನು ಕಾಟ್ಲಿನ್ ಬಿಡಿಸಿತು, ಯಾರದು ಎಂಬುದನ್ನು ಬಿಡಿಸಲಿಲ್ಲ. ಅದನ್ನು ಟೈಪಿನೊಳಗೇ ತಂದದ್ದು ರಸ್ಟ್: ಅಲ್ಲಿ ವೆಕ್ ತನ್ನ ಮೆಮೊರಿಯ ಒಡೆಯ, ಸ್ಲೈಸ್ ಎರವಲು ಪಡೆದದ್ದು, ಬದಲಿಸಬಹುದಾದ ಸ್ಲೈಸಿನಲ್ಲಿ ಅಂಶಗಳನ್ನು ಅದಲುಬದಲು ಮಾಡಬಹುದು, ಹೊಸದನ್ನು ತಳ್ಳುವಂತಿಲ್ಲ, ಎರವಲು ಇರುವಷ್ಟು ಕಾಲ ಒಡೆಯನೂ ಮುಟ್ಟುವಂತಿಲ್ಲ. ಜಾವಾದಲ್ಲಿ ಕಂಪೈಲರ್ ಈ ಕಾವಲು ಮಾಡದ್ದರಿಂದ ಆ ತಿಳಿವಳಿಕೆ ಪ್ರೋಗ್ರಾಮರಿನ ತಲೆಯಲ್ಲಿರಬೇಕು, ಮೆಥಡಿನ ದಾಖಲೆಯಲ್ಲಿರಬೇಕು. ಪ್ರಚಲಿತ ಉತ್ತರ ಅದನ್ನು ಅಲ್ಲಿಗೂ ತಲುಪಲು ಬಿಡುವುದಿಲ್ಲ.

ಇದು ಒಂದು ಮೆಥಡಿನ ಗೊಡವೆಯಲ್ಲ ಎನ್ನಲು ಸ್ಟ್ರಿಂಗ್ ಕ್ಲಾಸನ್ನೇ ನೋಡಿ. ಹಿಂದೆ ಸಬ್‌ಸ್ಟ್ರಿಂಗ್ ಮೆಥಡ್ ನಕಲು ಮಾಡುತ್ತಿರಲಿಲ್ಲ. ಮೂಲ ಸ್ಟ್ರಿಂಗಿನ ಅಕ್ಷರ ಅರೇಯನ್ನೇ ಹಂಚಿಕೊಂಡು ಎಲ್ಲಿಂದ ಎಷ್ಟು ಎಂದು ಗುರುತಿಟ್ಟುಕೊಳ್ಳುತ್ತಿತ್ತು. ವೇಗವಾಗಿತ್ತು. ಆದರೆ ದೊಡ್ಡ ಫೈಲನ್ನು ಓದಿ ಅದರಿಂದ ಹತ್ತು ಅಕ್ಷರ ಕತ್ತರಿಸಿ ಇಟ್ಟುಕೊಂಡರೆ ಆ ಹತ್ತಕ್ಕಾಗಿ ಇಡೀ ಫೈಲಿನ ಅರೇ ಮೆಮೊರಿಯಲ್ಲಿ ಉಳಿಯುತ್ತಿತ್ತು. 2012ರಲ್ಲಿ, ಜಾವಾ 7ರ 6ನೇ ಅಪ್‌ಡೇಟಿನಲ್ಲಿ, ಇದನ್ನು ಬದಲಿಸಿ ಸಬ್‌ಸ್ಟ್ರಿಂಗ್ ನಕಲು ಮಾಡುವಂತೆ ಮಾಡಿದರು. ಹಳೆಯ ವೇಗ ನೆಚ್ಚಿಕೊಂಡಿದ್ದ ಕೋಡ್ ನಿಧಾನವಾಯಿತು, ಸೋರಿಕೆ ಅನುಭವಿಸಿದ್ದ ಕೋಡ್ ನೆಮ್ಮದಿ ಕಂಡಿತು. ಲಿಸ್ಟಿನ ಸಬ್‌ಲಿಸ್ಟ್ ಮಾತ್ರ ಇವತ್ತಿಗೂ ವ್ಯೂ, ಅಂದರೆ ನಕಲು ಮಾಡದೆ ಮೂಲವನ್ನೇ ತೋರಿಸುವ ಕಿಟಕಿ. ಲಕ್ಷ ಅಂಶಗಳ ಅರೇಲಿಸ್ಟಿನಿಂದ ಐದರ ಸಬ್‌ಲಿಸ್ಟ್ ಇಟ್ಟುಕೊಂಡರೆ ಲಕ್ಷವೂ ಉಳಿಯುತ್ತದೆ, ಮೂಲಕ್ಕೆ ಆಡ್ ಮಾಡಿ ಆಮೇಲೆ ಸಬ್‌ಲಿಸ್ಟ್ ಮುಟ್ಟಿದರೆ ಕನ್‌ಕರೆಂಟ್‌ಮಾಡಿಫಿಕೇಶನ್‌ಎಕ್ಸೆಪ್ಷನ್ ಬರುತ್ತದೆ.

ವ್ಯೂಗಳು ಹಳೆಯ ಕಾಲದ ಪಳೆಯುಳಿಕೆ, ಹೊಸ ಜಾವಾದಲ್ಲಿ ಇದನ್ನೆಲ್ಲ ಕಲಿಯುವ ಅಗತ್ಯವಿಲ್ಲ ಎಂಬ ಮಾತಿಗೆ ಜಾವಾ 21 ಉತ್ತರ ಕೊಟ್ಟಿದೆ. 2023ರ ಸೆಪ್ಟೆಂಬರಿನಲ್ಲಿ ಬಂದ ಆ ಆವೃತ್ತಿ ಪ್ರತಿ ಲಿಸ್ಟಿಗೂ ರಿವರ್ಸ್‌ಡ್ ಎಂಬ ಮೆಥಡ್ ಸೇರಿಸಿತು. ಅದು ತಿರುಗಿಸಿದ ಪ್ರತಿಯನ್ನು ಕೊಡುವುದಿಲ್ಲ, ತಿರುವಿ ಕಾಣುವ ವ್ಯೂ ಕೊಡುತ್ತದೆ. ಒಂದು ಅರೇಯ ಆಸ್‌ಲಿಸ್ಟ್ ಮಾಡಿ, ಅದರ ರಿವರ್ಸ್‌ಡ್ ಪಡೆದು, 0ನೇ ಸ್ಥಾನಕ್ಕೆ ಸೆಟ್ ಮಾಡಿದರೆ ಮೂಲ ಅರೇಯ ಕೊನೆಯ ಅಂಶ ಬದಲಾಗುತ್ತದೆ. ಅರೇಲಿಸ್ಟಿನ ರಿವರ್ಸ್‌ಡ್‌ಗೆ ಆಡ್ ಮಾಡಿದರೆ ಮೂಲ ಲಿಸ್ಟಿನ ತಲೆಯಲ್ಲಿ ಹೊಸ ಅಂಶ ಕೂರುತ್ತದೆ, ಉಳಿದವೆಲ್ಲ ಒಂದೊಂದು ಸ್ಥಾನ ಹಿಂದೆ ಸರಿಯುತ್ತವೆ. ಲಿಸ್ಟ್.ಆಫ್‌ನ ರಿವರ್ಸ್‌ಡ್‌ಗೆ ಎರಡೂ ಸಾಧ್ಯವಿಲ್ಲ. ಒಂದೇ ಮೆಥಡ್, ಮೂರು ನಡವಳಿಕೆ. ಇಮ್ಯೂಟಬಲ್ ಅಥವಾ ಬೆಳೆಯುವಂಥದ್ದು ಎಂಬ ಎರಡು ಖಾನೆಗಳ ಕೋಷ್ಟಕ ಹಿಡಿದು ಬಂದವರು ಇವುಗಳಲ್ಲಿ ಮೊದಲನೆಯದನ್ನು ಯಾವ ಖಾನೆಗೂ ಹಾಕಲಾರರು.